ಹಿಗ್ಗಿ ಕುಗ್ಗುವ ಅಳತೆಗೋಲು: ಅರ್ವಿಂಗ್ ಫಿಷರನ ಅರ್ಥಶಾಸ್ತ್ರ ಗ್ರಂಥಗಳು

ಕಬ್ಬಿಣದ ಅಳತೆಗೋಲನ್ನು ಕಾಯಿಸಿದರೆ ಅದು ಹಿಗ್ಗುತ್ತದೆ; ಆರಿದರೆ ಕುಗ್ಗುತ್ತದೆ. ಈ ವ್ಯತ್ಯಾಸವು ಅತ್ಯಲ್ಪವಾದರೂ ಭೌತವಿಜ್ಞಾನಿಯು ಅದನ್ನು ಉಪೇಕ್ಷಿಸಲಾರನು. ಅಳತೆಯ ಮಾನವೇ ಅಸ್ಥಿರವಾದರೆ ಅದರಿಂದ ಅಳೆದುದೆಲ್ಲವೂ ಸಂದೇಹಾಸ್ಪದವಾಗುವುದಷ್ಟೆ! ಆದುದರಿಂದಲೇ ವಿಜ್ಞಾನಿಗಳು ಮೀಟರನ್ನು ಲೋಹದ ಕಂಬಿಯಿಂದ ಬಿಡಿಸಿ, ೧೯೮೩ರಲ್ಲಿ ಬೆಳಕಿನ ವೇಗಕ್ಕೆ ಕಟ್ಟಿಹಾಕಿದರು. ಆದರೆ ನಾವು ದಿನಬೆಳಗಾದರೆ ಬಳಸುವ ಇನ್ನೊಂದು ಅಳತೆಗೋಲುಂಟು. ಅಕ್ಕಿಯನ್ನೂ ಬಟ್ಟೆಯನ್ನೂ ಮನೆಯ ಬಾಡಿಗೆಯನ್ನೂ ಕೂಲಿಕಾರನ ದುಡಿಮೆಯನ್ನೂ ನಾವು ಅದರಿಂದಲೇ ಅಳೆಯುತ್ತೇವೆ. ಅದೇ ಹಣ. ಈ ಅಳತೆಗೋಲಿನ ಉದ್ದವು ವರ್ಷದಿಂದ ವರ್ಷಕ್ಕೆ ಬದಲಾಗುತ್ತಲೇ ಇದ್ದರೂ, ಅದು ಸ್ಥಿರವಾಗಿದೆ ಎಂಬ ಭಾವನೆಯಿಂದಲೇ ನಾವು ಸಾಲ ಮಾಡುತ್ತೇವೆ, ಉಳಿತಾಯ ಮಾಡುತ್ತೇವೆ, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹತ್ತು ವರ್ಷಗಳ ಮುಂದಿನ ಲೆಕ್ಕ ಹಾಕುತ್ತೇವೆ.

ಈ ಅಳತೆಗೋಲು ಏಕೆ ಹಿಗ್ಗಿ ಕುಗ್ಗುತ್ತದೆ, ಎಷ್ಟು ಹಿಗ್ಗಿತೆಂಬುದನ್ನು ಅಳೆಯುವುದು ಹೇಗೆ, ಅದರಿಂದ ಯಾರಿಗೆ ಹಾನಿ ಎಂಬ ಮೂರು ಪ್ರಶ್ನೆಗಳಿಗಾಗಿ ತನ್ನ ಆಯುಷ್ಯದ ಬಹುಭಾಗವನ್ನು ಸವೆಸಿದವನು ಅಮೆರಿಕದ ಅರ್ವಿಂಗ್ ಫಿಷರ್. ಈತನ ಗ್ರಂಥಗಳನ್ನು ವಿಜ್ಞಾನದ ವಿದ್ಯಾರ್ಥಿಯು ಓದುವುದಕ್ಕೆ ವಿಶೇಷವಾದ ಕಾರಣವೊಂದಿದೆ: ಈತನು ಅರ್ಥಶಾಸ್ತ್ರಕ್ಕೆ ಬಂದದ್ದು ಗಣಿತ ಮತ್ತು ಭೌತವಿಜ್ಞಾನಗಳ ಬಾಗಿಲಿನಿಂದ. ಸಮೀಕರಣವೊಂದು ಎಲ್ಲಿಯವರೆಗೆ ನಮ್ಮ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಕಲಿಯಲು ಈತನ ಗ್ರಂಥಗಳೂ ಜೀವನವೂ ಒಟ್ಟಾಗಿ ಒಂದು ಉತ್ತಮ ಪಾಠವಾಗಿವೆ.

ಗಿಬ್ಸನ ಶಿಷ್ಯ

ಫಿಷರನು ಹುಟ್ಟಿದ್ದು ೧೮೬೭ರ ಫೆಬ್ರವರಿ ೨೭ರಂದು, ನ್ಯೂಯಾರ್ಕ್ ಸಂಸ್ಥಾನದ ಸಾಜರ್ಟೀಸ್ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ಪಾದ್ರಿ. ಮಗನು ಯೇಲ್ ಕಾಲೇಜನ್ನು ಸೇರುವ ಹೊತ್ತಿಗೆ ಕ್ಷಯರೋಗವು ತಂದೆಯನ್ನು ಬಲಿ ತೆಗೆದುಕೊಂಡಿತು. ಹುಡುಗನು ಮನೆಪಾಠ ಹೇಳಿ ತಾಯಿಯನ್ನೂ ತಮ್ಮನನ್ನೂ ಸಾಕುವುದಕ್ಕೆ ನೆರವಾಗುತ್ತಲೇ ಓದಿ, ೧೮೮೮ರಲ್ಲಿ ಪದವಿಯನ್ನೂ ೧೮೯೧ರಲ್ಲಿ ಡಾಕ್ಟರ್ ಪದವಿಯನ್ನೂ ಪಡೆದನು.

ಆಗ ಯೇಲಿನಲ್ಲಿ ಗಣಿತೀಯ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದವನು ಜೋಸಯ ವಿಲರ್ಡ್ ಗಿಬ್ಸ್. ಉಷ್ಣಗತಿವಿಜ್ಞಾನವನ್ನು ಓದಿದ ಯಾರಿಗೂ ಈ ಹೆಸರು ಅಪರಿಚಿತವಲ್ಲ. ಮಂಜುಗಡ್ಡೆ, ನೀರು, ಹಬೆ ಇವು ಒಂದೇ ಪಾತ್ರೆಯಲ್ಲಿ ಯಾವ ನಿಯಮದಂತೆ ಸಮತೋಲದಲ್ಲಿರುತ್ತವೆ ಎಂಬುದನ್ನು ತಿಳಿಸಿಕೊಟ್ಟವನು ಆತನೇ. ಅರ್ಥಶಾಸ್ತ್ರವನ್ನು ವಿಲಿಯಂ ಗ್ರಹಾಂ ಸಮ್ನರನಿಂದಲೂ ಗಣಿತವನ್ನು ಗಿಬ್ಸನಿಂದಲೂ ಕಲಿತ ತರುಣ ಫಿಷರನಿಗೆ ಸಹಜವಾಗಿಯೇ ಒಂದು ಆಲೋಚನೆ ಮೂಡಿತು: ಪಾತ್ರೆಯೊಳಗಿನ ದ್ರವ್ಯಗಳು ಸಮತೋಲಕ್ಕೆ ಬರುವಂತೆಯೇ ಮಾರುಕಟ್ಟೆಯ ಬೆಲೆಗಳೂ ಒಂದು ಸಮತೋಲಕ್ಕೆ ಬರುತ್ತವೆಯಲ್ಲವೆ? ಹಾಗಿದ್ದರೆ ಆ ಸಮತೋಲವನ್ನು ಸಮೀಕರಣಗಳಲ್ಲಿ ಬರೆಯಬಾರದೇಕೆ?

ನೀರಿನ ತೊಟ್ಟಿಯಲ್ಲಿ ಮಾರುಕಟ್ಟೆ

ಈ ಆಲೋಚನೆಯ ಫಲವೇ ೧೮೯೨ರಲ್ಲಿ ಅಚ್ಚಾದ 'ಮೌಲ್ಯ ಮತ್ತು ಬೆಲೆಗಳ ಸಿದ್ಧಾಂತದ ಗಣಿತೀಯ ಅನ್ವೇಷಣೆಗಳು' ಎಂಬ ಪ್ರಬಂಧ. ಗಿಬ್ಸನ ಮಹಾಪ್ರಬಂಧವನ್ನು ಪ್ರಕಟಿಸಿದ್ದ ಕನೆಕ್ಟಿಕಟ್ ಅಕಾಡೆಮಿಯ ವರದಿಯಲ್ಲಿಯೇ ಶಿಷ್ಯನ ಈ ಕೃತಿಯೂ ಬೆಳಕು ಕಂಡಿತು. ಅದರಲ್ಲಿ ಭೌತವಿಜ್ಞಾನದ ಒಂದೊಂದು ಪದಕ್ಕೂ ಅರ್ಥಶಾಸ್ತ್ರದ ಒಂದೊಂದು ಪದವನ್ನು ಸರಿಜೋಡಿಯಾಗಿ ನಿಲ್ಲಿಸಿದ ಕೋಷ್ಟಕವಿದೆ. ಕಣಕ್ಕೆ ವ್ಯಕ್ತಿ; ಬಲಕ್ಕೆ ಸೀಮಾಂತ ತುಷ್ಟಿಗುಣ, ಎಂದರೆ ವಸ್ತುವಿನ ಕೊನೆಯ ಅಂಶದಿಂದ ದೊರೆಯುವ ತೃಪ್ತಿ; ಶಕ್ತಿಗೆ ತುಷ್ಟಿಗುಣ.

ಅಷ್ಟಕ್ಕೇ ತೃಪ್ತನಾಗದೆ ಫಿಷರನು ಒಂದು ಯಂತ್ರವನ್ನೂ ಕಲ್ಪಿಸಿದನು. ದೊಡ್ಡ ತೊಟ್ಟಿಯೊಂದರ ನೀರಿನಲ್ಲಿ ಹಲವು ಚಿಕ್ಕ ಪಾತ್ರೆಗಳು ತೇಲುತ್ತಿವೆ ಎಂದುಕೊಳ್ಳಿ. ಪ್ರತಿಯೊಂದು ಪಾತ್ರೆಯೂ ಒಬ್ಬ ವ್ಯಕ್ತಿಗೆ ಒಂದು ವಸ್ತುವಿನ ಮೇಲಿರುವ ಆಸೆಯನ್ನು ಸೂಚಿಸುತ್ತದೆ. ಪಾತ್ರೆಯಲ್ಲಿರುವ ನೀರು ಆತನಿಗೆ ದೊರೆತ ವಸ್ತುವಿನ ಪ್ರಮಾಣ. ನೀರಿನ ಮಟ್ಟದಿಂದ ಪಾತ್ರೆಯ ಮೇಲಂಚಿನವರೆಗಿನ ಬರಿದಾದ ಎತ್ತರವೇ ಸೀಮಾಂತ ತುಷ್ಟಿಗುಣ. ನೀರು ತುಂಬಿದಷ್ಟೂ ಬರಿಯ ಎತ್ತರವು ಕುಗ್ಗುತ್ತದೆ. ಹಸಿದವನಿಗೆ ಮೊದಲನೆಯ ಮುದ್ದೆ ಕೊಡುವ ತೃಪ್ತಿಯನ್ನು ನಾಲ್ಕನೆಯದು ಕೊಡಲಾರದೆಂಬುದು ಇದರ ಅರ್ಥ. ಪಾತ್ರೆಗಳನ್ನು ಸನ್ನೆಗಳಿಂದಲೂ ನಳಿಗೆಗಳಿಂದಲೂ ಒಂದಕ್ಕೊಂದು ಜೋಡಿಸಿದರೆ, ಒಂದೆಡೆ ನೀರು ಸುರಿದಾಗ ಎಲ್ಲ ಪಾತ್ರೆಗಳ ಮಟ್ಟವೂ ತಾನಾಗಿಯೇ ಹೊಂದಿಕೊಂಡು ಹೊಸ ಸಮತೋಲವು ಏರ್ಪಡುತ್ತದೆ. ಒಂದು ವಸ್ತುವಿನ ಅಭಾವವು ಬೇರೆ ಎಲ್ಲ ವಸ್ತುಗಳ ಬೆಲೆಗಳನ್ನೂ ಹೇಗೆ ತಟ್ಟುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ೧೮೯೩ರಲ್ಲಿ ಫಿಷರನು ಇಂತಹ ಯಂತ್ರವನ್ನು ನಿಜವಾಗಿ ಕಟ್ಟಿಸಿ ತರಗತಿಗಳಲ್ಲಿ ಬಳಸಿದನು. ೧೯೨೫ರಲ್ಲಿ ಇನ್ನೊಂದನ್ನು ಮಾಡಿಸಿದನು. ವಿದ್ಯುತ್ ಗಣಕಗಳು ಇನ್ನೂ ಹುಟ್ಟದಿದ್ದ ಕಾಲದಲ್ಲಿ ಅನೇಕ ಸಮೀಕರಣಗಳನ್ನು ಏಕಕಾಲದಲ್ಲಿ ಬಿಡಿಸುವ ನೀರಿನ ಗಣಕವೇ ಇದಾಗಿತ್ತೆಂದರೆ ತಪ್ಪಾಗಲಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಶಕ್ತಿಯು ನಾಶವಾಗದು, ಹೊಸದಾಗಿ ಹುಟ್ಟದು ಎಂಬ ನಿತ್ಯತ್ವ ನಿಯಮವು ಭೌತವಿಜ್ಞಾನದ ಬೆನ್ನೆಲುಬು. ತೃಪ್ತಿಗೆ ಅಂತಹ ನಿಯಮವೊಂದೂ ಇಲ್ಲ. ಆದುದರಿಂದ ಫಿಷರನ ಕೋಷ್ಟಕವನ್ನು ಉಪಮಾನವೆಂದು ತಿಳಿಯಬೇಕೇ ಹೊರತು ಉಭಯಶಾಸ್ತ್ರಗಳೂ ಒಂದೇ ಎಂದಲ್ಲ. ಒಳ್ಳೆಯ ಉಪಮಾನವು ಪ್ರಶ್ನೆಗಳನ್ನು ಸ್ಪಷ್ಟಪಡಿಸುತ್ತದೆ. ಉತ್ತರಗಳನ್ನು ಮಾತ್ರ ಪ್ರಪಂಚವನ್ನು ನೋಡಿಯೇ ತಿಳಿಯಬೇಕು.

ಭಾರತದ ರೂಪಾಯಿಯ ಸಾಕ್ಷ್ಯ

ಪ್ರಪಂಚವನ್ನು ನೋಡುವ ಕೆಲಸವು ೧೮೯೬ರ 'ಮೌಲ್ಯವೃದ್ಧಿ ಮತ್ತು ಬಡ್ಡಿ' ಎಂಬ ಕೃತಿಯಲ್ಲಿ ಪ್ರಾರಂಭವಾಯಿತು. ನಮ್ಮ ದೇಶಕ್ಕೆ ಸಂಬಂಧಪಟ್ಟ ಸಂಗತಿಯೊಂದು ಈ ಪುಸ್ತಕದಲ್ಲಿ ಪ್ರಮುಖ ಸಾಕ್ಷಿಯಾಗಿ ನಿಂತಿದೆ.

ಬ್ಯಾಂಕು ಶೇಕಡ ೭ರಂತೆ ಬಡ್ಡಿ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ನೂರು ರೂಪಾಯಿ ವರ್ಷದ ಕೊನೆಗೆ ೧೦೭ ಆಗುತ್ತದೆ. ಆದರೆ ಅದೇ ವರ್ಷದಲ್ಲಿ ಬೆಲೆಗಳು ಶೇಕಡ ೫ರಷ್ಟು ಏರಿದರೆ, ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ೧೦೫ ರೂಪಾಯಿ ಬೇಕು. ೧೦೭ನ್ನು ೧೦೫ರಿಂದ ಭಾಗಿಸಿದರೆ ಸುಮಾರು ೧.೦೧೯ ಬರುತ್ತದೆ. ಉಳಿತಾಯ ಮಾಡಿದವನ ನಿಜವಾದ ಲಾಭ ಶೇಕಡ ೭ ಅಲ್ಲ, ೧.೯ ಮಾತ್ರ! ಕಾಗದದ ಮೇಲಿನ ಬಡ್ಡಿ ಬೇರೆ, ನಿಜವಾದ ಬಡ್ಡಿ ಬೇರೆ ಎಂಬ ಈ ಸಂಬಂಧವನ್ನು ಇಂದು ಅರ್ಥಶಾಸ್ತ್ರಜ್ಞರು ಫಿಷರ್ ಸಮೀಕರಣವೆಂದೇ ಕರೆಯುತ್ತಾರೆ.

ಜನರು ಈ ಭೇದವನ್ನು ಗಮನಿಸುತ್ತಾರೆಯೆ? ಇದನ್ನು ಪರೀಕ್ಷಿಸಲು ಒಂದೇ ಸಾಲಗಾರನು ಎರಡು ಬೇರೆ ಬೇರೆ ನಾಣ್ಯಗಳಲ್ಲಿ ಸಾಲವೆತ್ತಿದ ಉದಾಹರಣೆ ಬೇಕು. ಅಂತಹ ಸಾಲಗಾರನು ಆಗಿನ ಬ್ರಿಟಿಷ್ ಭಾರತ ಸರ್ಕಾರ. ಅದರ ಕೆಲವು ಸಾಲಪತ್ರಗಳು ಚಿನ್ನದ ಆಧಾರವಿದ್ದ ಪೌಂಡಿನಲ್ಲಿದ್ದವು. ಕೆಲವು ಬೆಳ್ಳಿಯ ರೂಪಾಯಿಯಲ್ಲಿದ್ದವು. ಎರಡೂ ಲಂಡನ್ನಿನ ಪೇಟೆಯಲ್ಲಿ ಕೈಬದಲಾಗುತ್ತಿದ್ದವು. ೧೮೭೦ರ ಸುಮಾರಿನಲ್ಲಿ ಹೆಚ್ಚುಕಡಮೆ ಎರಡು ಷಿಲಿಂಗ್ ಬಾಳುತ್ತಿದ್ದ ರೂಪಾಯಿಯು ಬೆಳ್ಳಿಯ ಬೆಲೆ ಕುಸಿದಂತೆಲ್ಲ ತಾನೂ ಕುಸಿಯುತ್ತ ಹೋಯಿತು. ೧೮೯೩ರಲ್ಲಿ ಭಾರತದ ಟಂಕಸಾಲೆಗಳು ಸಾರ್ವಜನಿಕರ ಬೆಳ್ಳಿಯನ್ನು ನಾಣ್ಯವಾಗಿಸಿಕೊಡುವುದನ್ನು ನಿಲ್ಲಿಸಿದವು. ಸಾಲಗಾರನೊಬ್ಬನೇ ಆದುದರಿಂದ ಎರಡು ಪತ್ರಗಳ ಬಡ್ಡಿಯ ದರಗಳಲ್ಲಿ ಕಂಡ ಅಂತರಕ್ಕೆ ನಾಣ್ಯದ ಭವಿಷ್ಯದ ಬಗೆಗಿನ ನಿರೀಕ್ಷೆಯೇ ಕಾರಣವಾಗಿರಬೇಕು. ರೂಪಾಯಿಯು ಬೀಳುತ್ತಿದ್ದಾಗ ರೂಪಾಯಿ ಪತ್ರಗಳ ಮೇಲೆ ಜನರು ಹೆಚ್ಚಿನ ಬಡ್ಡಿಯನ್ನು ಅಪೇಕ್ಷಿಸಿದರೆಂದು ಫಿಷರನು ತೋರಿಸಿದನು. ಆದರೆ ಆ ಹೆಚ್ಚಳವು ರೂಪಾಯಿಯ ನಿಜವಾದ ಇಳಿತವನ್ನು ಪೂರ್ತಿಯಾಗಿ ತುಂಬಿಕೊಡುವಷ್ಟು ಇರಲಿಲ್ಲ. ಜನರಿಗೆ ಮುಂದೃಷ್ಟಿಯುಂಟು, ಆದರೆ ಅದು ಮಬ್ಬಾದುದು ಎಂಬುದೇ ಇದರ ತಾತ್ಪರ್ಯ.

ಬಂಡವಾಳ, ವರಮಾನ, ಬಡ್ಡಿ

೧೮೯೮ರಲ್ಲಿ ಯೇಲಿನಲ್ಲಿ ಪ್ರಾಧ್ಯಾಪಕನಾದ ಫಿಷರನನ್ನು ಅದೇ ವರ್ಷ ಕ್ಷಯರೋಗವು ಹಿಡಿಯಿತು. ತಂದೆಯನ್ನು ಕೊಂದ ರೋಗವೇ ಅದು. ಚೇತರಿಸಿಕೊಳ್ಳಲು ಮೂರು ವರ್ಷಗಳು ಬೇಕಾದವು. ಆಮೇಲಿನ ದಶಕದಲ್ಲಿ ಆತನ ಲೇಖನಿಯು ವಿಶ್ರಮಿಸಲಿಲ್ಲ. ೧೯೦೬ರಲ್ಲಿ 'ಬಂಡವಾಳ ಮತ್ತು ವರಮಾನಗಳ ಸ್ವರೂಪ', ೧೯೦೭ರಲ್ಲಿ 'ಬಡ್ಡಿಯ ದರ' ಹೊರಬಂದವು. ಎರಡನೆಯದನ್ನು ತಿದ್ದಿ ವಿಸ್ತರಿಸಿ ೧೯೩೦ರಲ್ಲಿ 'ಬಡ್ಡಿಯ ಸಿದ್ಧಾಂತ'ವೆಂದು ಪ್ರಕಟಿಸಿದನು.

ಇವುಗಳ ಸಾರವನ್ನು ಒಂದು ತೆಂಗಿನ ತೋಟದ ದೃಷ್ಟಾಂತದಿಂದ ತಿಳಿಯಬಹುದು. ತೋಟವು ಬಂಡವಾಳ, ವರ್ಷವರ್ಷವೂ ಬರುವ ಕಾಯಿ ವರಮಾನ. ಒಂದು ಕೆರೆಯಲ್ಲಿ ನಿಂತ ನೀರಿನಂತೆ, ಇನ್ನೊಂದು ಕಾಲುವೆಯಲ್ಲಿ ಹರಿಯುವ ನೀರಿನಂತೆ. ವಸ್ತುಗಳ ದೃಷ್ಟಿಯಿಂದ ನೋಡಿದರೆ ತೋಟದಿಂದ ಕಾಯಿ ಬರುತ್ತದೆ. ಆದರೆ ಬೆಲೆಯ ದೃಷ್ಟಿಯಿಂದ ನೋಡಿದರೆ ಮುಂದೆ ಬರಲಿರುವ ಕಾಯಿಗಳಿಂದಲೇ ಇಂದಿನ ತೋಟಕ್ಕೆ ಬೆಲೆ ಬರುತ್ತದೆ. ಖರ್ಚು ಕಳೆದು ವರ್ಷಕ್ಕೆ ೧೦,೦೦೦ ರೂಪಾಯಿಯಂತೆ ನಿರಂತರವಾಗಿ ಕೊಡುವ ತೋಟದ ಬೆಲೆ, ಬಡ್ಡಿಯ ದರ ಶೇಕಡ ೫ ಇದ್ದಾಗ ೨,೦೦,೦೦೦ ರೂಪಾಯಿ. ದರವು ಶೇಕಡ ೧೦ಕ್ಕೆ ಏರಿದರೆ ೧,೦೦,೦೦೦ ರೂಪಾಯಿ. ಒಂದು ಗಿಡವೂ ಸಾಯಲಿಲ್ಲ, ಒಂದು ಕಾಯಿಯೂ ಕಡಮೆಯಾಗಲಿಲ್ಲ. ಆದರೂ ತೋಟದ ಬೆಲೆ ಅರ್ಧವಾಯಿತು!

ಹಾಗಾದರೆ ಬಡ್ಡಿಯ ದರವನ್ನು ನಿರ್ಧರಿಸುವುದು ಯಾವುದು? ಎರಡು ಬಲಗಳು ಎಂದು ಫಿಷರನ ಉತ್ತರ. ನಾಳೆಯ ಸುಖಕ್ಕಿಂತ ಇಂದಿನ ಸುಖವೇ ಬೇಕೆಂಬ ಮನುಷ್ಯನ ಅವಸರ ಒಂದು. ಇಂದು ತಡೆದು ತೊಡಗಿಸಿದರೆ ನಾಳೆ ಹೆಚ್ಚು ದೊರೆಯುವ ಅವಕಾಶ ಇನ್ನೊಂದು. ಇವೆರಡೂ ಸಮತೂಗುವ ಸ್ಥಳದಲ್ಲಿ ಬಡ್ಡಿಯು ನಿಲ್ಲುತ್ತದೆ. ಗಿಬ್ಸನ ಶಿಷ್ಯನು ಇಲ್ಲಿಯೂ ಸಮತೋಲವನ್ನೇ ಕಂಡನು.

ವಿನಿಮಯದ ಸಮೀಕರಣ

೧೯೧೧ರಲ್ಲಿ ಪ್ರಕಟವಾದ 'ಹಣದ ಕೊಳ್ಳುವ ಶಕ್ತಿ' ಫಿಷರನ ಗ್ರಂಥಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಅದನ್ನು ಆತನು ಸೈಮನ್ ನ್ಯೂಕಂಬ್ ಎಂಬ ಖಗೋಳವಿಜ್ಞಾನಿಯ ಸ್ಮರಣೆಗೆ ಅರ್ಪಿಸಿರುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಕುತೂಹಲಕರ ಸಂಗತಿ. ಗ್ರಹಗಳ ಚಲನೆಯನ್ನು ಲೆಕ್ಕ ಹಾಕುತ್ತಿದ್ದ ನ್ಯೂಕಂಬನು ಹಣದ ಚಲನೆಗೂ ೧೮೮೫ರಲ್ಲಿಯೇ ಒಂದು ಸಮೀಕರಣವನ್ನು ಬರೆದಿದ್ದನು.

ಚಲಾವಣೆಯಲ್ಲಿರುವ ಹಣದ ಮೊತ್ತವನ್ನು ಹ ಎಂದೂ, ಒಂದು ನಾಣ್ಯವು ವರ್ಷದಲ್ಲಿ ಸರಾಸರಿ ಎಷ್ಟು ಸಲ ಕೈಬದಲಾಗುತ್ತದೆ ಎಂಬ ವೇಗವನ್ನು ವೇ ಎಂದೂ, ಬೆಲೆಗಳ ಮಟ್ಟವನ್ನು ಬೆ ಎಂದೂ, ಮಾರಾಟವಾದ ಸರಕಿನ ಪ್ರಮಾಣವನ್ನು ವ್ಯ ಎಂದೂ ಕರೆಯೋಣ. ಆಗ

ಹ × ವೇ = ಬೆ × ವ್ಯ

ಎಂದಾಗುತ್ತದೆ. ಎಡಗಡೆ ಕೊಟ್ಟ ಹಣವೆಲ್ಲದರ ಮೊತ್ತ. ಬಲಗಡೆ ಕೊಂಡ ಸರಕೆಲ್ಲದರ ಬೆಲೆ. ಕೊಟ್ಟದ್ದೂ ಕೊಂಡದ್ದೂ ಸಮವಾಗಿರಲೇಬೇಕು. ಬ್ಯಾಂಕಿನ ಠೇವಣಿಗಳ ಮೇಲೆ ಬರೆದ ಚೆಕ್ಕುಗಳೂ ಹಣದ ಕೆಲಸ ಮಾಡುವುದರಿಂದ, ಅವಕ್ಕಾಗಿ ಎಡಗಡೆ ಇನ್ನೊಂದು ಪದವನ್ನು ಫಿಷರನು ಸೇರಿಸಿದ್ದಾನೆ. ಸಾಮಾನ್ಯ ಓದುಗರಿಗಾಗಿ ಆತನು ಇದನ್ನು ತಕ್ಕಡಿಯ ಚಿತ್ರದಿಂದಲೂ ವಿವರಿಸಿದನು: ಸನ್ನೆಯ ಒಂದು ಕಡೆ ಹಣದ ಚೀಲ, ಇನ್ನೊಂದು ಕಡೆ ರೊಟ್ಟಿ, ಕಲ್ಲಿದ್ದಲು, ಬಟ್ಟೆ.

ಇಲ್ಲಿ ವಿದ್ಯಾರ್ಥಿಯು ತುಸು ನಿಂತು ಆಲೋಚಿಸಬೇಕು. ಇದು ನಿಯಮವೆ, ಅಥವಾ ಕೇವಲ ಲೆಕ್ಕಪತ್ರವೆ? ಕೊಳವೆಯೊಂದರಲ್ಲಿ ಒಂದು ಕಡೆಯಿಂದ ಒಳಹೋದಷ್ಟು ನೀರು ಇನ್ನೊಂದು ಕಡೆಯಿಂದ ಹೊರಬರಬೇಕೆಂಬ ಸಮೀಕರಣವು ಯಾವಾಗಲೂ ಸತ್ಯ. ಆದರೆ ನೀರು ಯಾವ ದಿಕ್ಕಿಗೆ ಎಷ್ಟು ವೇಗದಿಂದ ಹರಿಯುವುದೆಂಬುದನ್ನು ಅದೊಂದೇ ಹೇಳಲಾರದು. ಅದಕ್ಕೆ ಒತ್ತಡದ ಜ್ಞಾನವೂ ಬೇಕು. ಹಾಗೆಯೇ ಮೇಲಿನ ಸಮೀಕರಣವು ತಾನಾಗಿ ಯಾವ ಭವಿಷ್ಯವನ್ನೂ ನುಡಿಯದು. ವೇಗವೂ ವ್ಯವಹಾರದ ಪ್ರಮಾಣವೂ ಹಣದ ಮೊತ್ತವನ್ನವಲಂಬಿಸದೆ ತಂತಮ್ಮ ಕಾರಣಗಳಿಂದ ನಿರ್ಧಾರವಾಗುತ್ತವೆ ಎಂಬ ಇನ್ನೊಂದು ಹೇಳಿಕೆಯನ್ನು ಸೇರಿಸಿದಾಗ ಮಾತ್ರ, ಹಣವು ಇಮ್ಮಡಿಯಾದರೆ ಬೆಲೆಗಳೂ ಇಮ್ಮಡಿಯಾಗುತ್ತವೆ ಎಂಬ ಸಿದ್ಧಾಂತವು ಹೊರಡುತ್ತದೆ. ದೀರ್ಘಕಾಲದಲ್ಲಿ ಇದು ಸರಿಯೆಂದು ಫಿಷರನು ನಂಬಿದ್ದನು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಸಂಧಿಕಾಲದಲ್ಲಿ ಎಲ್ಲವೂ ಅಲ್ಲಾಡುತ್ತವೆಂದು ಒಪ್ಪಿದ್ದನು. ಆ ಸಂಧಿಕಾಲವು ಎಷ್ಟು ಭಯಂಕರವಾಗಬಹುದೆಂಬುದು ಆತನಿಗೆ ಮುಂದೆ ಅನುಭವದಿಂದಲೇ ತಿಳಿಯಬೇಕಾಗಿತ್ತು.

ಬೆಲೆಗಳ ಮಟ್ಟವನ್ನು ಅಳೆಯುವ ಬಗೆ

ಬೆಲೆಗಳ ಮಟ್ಟವೆಂದೆವು. ಅಕ್ಕಿಯ ಬೆಲೆ ಏರಿ ರಾಗಿಯದು ಏರದಿದ್ದರೆ ಮಟ್ಟ ಎಷ್ಟು ಏರಿತು? ಈ ಪ್ರಶ್ನೆಗೆ ಮೀಸಲಾದ ಗ್ರಂಥವು ೧೯೨೨ರ 'ಸೂಚ್ಯಂಕಗಳ ರಚನೆ'. ಅದರಲ್ಲಿ ಫಿಷರನು ನೂರಕ್ಕೂ ಮೇಲ್ಪಟ್ಟು ಸೂತ್ರಗಳನ್ನು ಒರೆಗೆ ಹಚ್ಚಿದ್ದಾನೆ.

ಒಂದು ಕುಟುಂಬವು ಮೊದಲನೆಯ ವರ್ಷ ಕಿಲೋಗೆ ೪೦ ರೂಪಾಯಿಯಂತೆ ೧೦ ಕಿಲೋ ಅಕ್ಕಿಯನ್ನೂ ೪೦ ರೂಪಾಯಿಯಂತೆ ೧೦ ಕಿಲೋ ರಾಗಿಯನ್ನೂ ಕೊಂಡಿತೆನ್ನೋಣ. ಒಟ್ಟು ೮೦೦ ರೂಪಾಯಿ. ಎರಡನೆಯ ವರ್ಷ ಅಕ್ಕಿ ೬೦ ರೂಪಾಯಿಗೆ ಏರಿತು, ರಾಗಿ ಹಾಗೆಯೇ ಉಳಿಯಿತು. ಮನೆಯವರು ಅನ್ನವನ್ನು ಕಡಮೆ ಮಾಡಿ ಮುದ್ದೆಯನ್ನು ಹೆಚ್ಚಿಸಿದರು: ೬ ಕಿಲೋ ಅಕ್ಕಿ, ೧೫ ಕಿಲೋ ರಾಗಿ, ಒಟ್ಟು ೯೬೦ ರೂಪಾಯಿ.

ಹಳೆಯ ಬುಟ್ಟಿಯನ್ನೇ ಹೊಸ ಬೆಲೆಯಲ್ಲಿ ಕೊಂಡರೆ ೧,೦೦೦ ರೂಪಾಯಿ ಬೇಕು. ೧,೦೦೦ವನ್ನು ೮೦೦ರಿಂದ ಭಾಗಿಸಿದರೆ ೧.೨೫; ಎಂದರೆ ಬೆಲೆ ಶೇಕಡ ೨೫ ಏರಿದೆ. ಇದು ಜರ್ಮನಿಯ ಲಾಸ್ಪೇರನ ವಿಧಾನ. ಹೊಸ ಬುಟ್ಟಿಯನ್ನು ಹಳೆಯ ಬೆಲೆಯಲ್ಲಿ ಕೊಂಡಿದ್ದರೆ ೮೪೦ ರೂಪಾಯಿ ಸಾಕಾಗುತ್ತಿತ್ತು. ೯೬೦ನ್ನು ೮೪೦ರಿಂದ ಭಾಗಿಸಿದರೆ ೧.೧೪೩, ಏರಿಕೆ ಶೇಕಡ ೧೪.೩ ಮಾತ್ರ. ಇದು ಪಾಷೆಯ ವಿಧಾನ. ಯಾವುದು ಸರಿ?

ಅಳತೆಯ ಉಪಕರಣವನ್ನು ಪರೀಕ್ಷಿಸುವ ಭೌತವಿಜ್ಞಾನಿಯಂತೆ ಫಿಷರನು ಕೆಲವು ಪರೀಕ್ಷೆಗಳನ್ನು ಒಡ್ಡಿದನು. ಮೊದಲನೆಯ ವರ್ಷದಿಂದ ಎರಡನೆಯದಕ್ಕೆ ಹೋಗಿ, ಅದೇ ಸೂತ್ರದಿಂದ ಹಿಂದಿರುಗಿದರೆ ಹೊರಟಲ್ಲಿಗೇ ಬರಬೇಕು. ಎರಡು ಉತ್ತರಗಳ ಗುಣಲಬ್ಧ ೧ ಆಗಬೇಕು. ಲಾಸ್ಪೇರನ ಸೂತ್ರದಲ್ಲಿ ಮುಂದಕ್ಕೆ ೧.೨೫, ಹಿಂದಕ್ಕೆ ೮೪೦/೯೬೦ ಅಥವಾ ೦.೮೭೫, ಗುಣಲಬ್ಧ ೧.೦೯೪. ಬೆಟ್ಟ ಹತ್ತಿ ಇಳಿದರೆ ಮನೆಯು ಮೊದಲಿಗಿಂತ ಎತ್ತರದಲ್ಲಿ ಸಿಕ್ಕಂತಾಯಿತು! ಇನ್ನೊಂದು ಪರೀಕ್ಷೆ: ಬೆಲೆಯ ಸೂಚ್ಯಂಕವನ್ನು ಪ್ರಮಾಣದ ಸೂಚ್ಯಂಕದಿಂದ ಗುಣಿಸಿದರೆ ಒಟ್ಟು ಖರ್ಚಿನ ಏರಿಕೆ, ಎಂದರೆ ೯೬೦/೮೦೦ ಅಥವಾ ೧.೨೦ ಬರಬೇಕು.

ಲಾಸ್ಪೇರ್ ಮತ್ತು ಪಾಷೆಯವರ ಉತ್ತರಗಳನ್ನು ಗುಣಿಸಿ ವರ್ಗಮೂಲವನ್ನು ತೆಗೆದರೆ ದೊರೆಯುವ ೧.೧೯೫ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತದೆ. ಇದನ್ನು ಫಿಷರನು ಆದರ್ಶ ಸೂಚ್ಯಂಕವೆಂದು ಕರೆದನು. ಆದರೆ ಇದಕ್ಕೆ ಪ್ರತಿವರ್ಷವೂ ಮನೆಮನೆಯ ಖರೀದಿಯ ಹೊಸ ಲೆಕ್ಕ ಬೇಕು. ಆ ಶ್ರಮವನ್ನು ತಪ್ಪಿಸುವುದಕ್ಕಾಗಿ ನಮ್ಮ ದೇಶದ ಗ್ರಾಹಕ ಬೆಲೆ ಸೂಚ್ಯಂಕವೂ ಸೇರಿ ಅನೇಕ ಸೂಚ್ಯಂಕಗಳು ಗೊತ್ತಾದ ವರ್ಷವೊಂದರ ಬುಟ್ಟಿಯನ್ನು ಆಧರಿಸುವ ಲಾಸ್ಪೇರ್ ಮಾದರಿಯನ್ನೇ ಅನುಸರಿಸುತ್ತವೆ. ಬುಟ್ಟಿ ಹಳತಾದಷ್ಟೂ ಅಳತೆಯು ತಪ್ಪುತ್ತದೆಂಬುದನ್ನು ಮೇಲಿನ ಲೆಕ್ಕದಿಂದಲೇ ಓದುಗರು ಊಹಿಸಬಹುದು.

ಇಷ್ಟೆಲ್ಲ ಅಳತೆಯ ಉದ್ದೇಶವೇನು? ೧೯೨೮ರ 'ಹಣದ ಭ್ರಾಂತಿ' ಎಂಬ ಚಿಕ್ಕ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ೧೯೨೨ರಲ್ಲಿ ಜರ್ಮನಿಯ ಮಾರ್ಕ್ ನಾಣ್ಯವು ಪಾತಾಳಕ್ಕಿಳಿಯುತ್ತಿದ್ದಾಗ ಫಿಷರನು ಅಲ್ಲಿಗೆ ಹೋಗಿದ್ದನು. ಅಂಗಡಿಯ ಹೆಂಗಸೊಬ್ಬಳು ಆತನಿಗೆ ಒಂದು ಅಂಗಿಯನ್ನು ಮಾರಿದಳು. ಅಂಥದೇ ಇನ್ನೊಂದು ಅಂಗಿಯನ್ನು ತರಿಸಲು ಅವಳಿಗೆ ಈಗ ಅಷ್ಟೇ ಹಣ ಬೇಕಾಗಿತ್ತು. ಆದರೂ ಹಿಂದೆ ಕಡಮೆ ಮಾರ್ಕುಗಳಿಗೆ ಕೊಂಡಿದ್ದೆನಾದ್ದರಿಂದ ತನಗೆ ಲಾಭವೇ ಆಯಿತೆಂದು ಅವಳು ನಂಬಿದ್ದಳು. ಅಳತೆಗೋಲೇ ಕುಗ್ಗಿಹೋಗಿತ್ತೆಂಬುದು ಅವಳಿಗೆ ಹೊಳೆಯಲಿಲ್ಲ.

೧೯೨೯

ಫಿಷರನು ಕೇವಲ ಗ್ರಂಥಕರ್ತನಲ್ಲ, ಉಪಜ್ಞೆಗಾರನೂ ಹೌದು. ಕಾರ್ಡುಗಳ ಶಿರೋಲೇಖಗಳು ಒಂದೇ ನೋಟಕ್ಕೆ ಕಾಣುವಂತೆ ಜೋಡಿಸುವ ಕಡತದ ವ್ಯವಸ್ಥೆಯೊಂದನ್ನು ಕಂಡುಹಿಡಿದು ೧೯೧೩ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದನು. ಅದರ ಕಂಪನಿಯು ೧೯೨೫ರಲ್ಲಿ ಇನ್ನೊಂದು ಕಂಪನಿಯಲ್ಲಿ ವಿಲೀನವಾಗಿ, ಆತನು ದೊಡ್ಡ ಶ್ರೀಮಂತನಾದನು. ಸಾಲವೆತ್ತಿ ಇನ್ನಷ್ಟು ಷೇರುಗಳನ್ನು ಕೊಂಡನು.

೧೯೨೯ರ ಅಕ್ಟೋಬರಿನ ನಡುವಿನಲ್ಲಿ, ಷೇರುಗಳ ಬೆಲೆಗಳು ಇನ್ನು ಕೆಳಗಿಳಿಯದ ಎತ್ತರದ ಪ್ರಸ್ಥಭೂಮಿಯನ್ನು ಮುಟ್ಟಿರುವಂತೆ ಕಾಣುತ್ತದೆ ಎಂಬ ಅರ್ಥದ ಮಾತನ್ನು ಫಿಷರನು ಸಭೆಯೊಂದರಲ್ಲಿ ಆಡಿದನು. ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು. ಎರಡು ವಾರಗಳೊಳಗೆ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ೧೯೨೯ರ ಸೆಪ್ಟೆಂಬರ್ ೩ರಂದು ೩೮೧ ಇದ್ದ ಡೌ ಜೋನ್ಸ್ ಸೂಚ್ಯಂಕವು ೧೯೩೨ರ ಜುಲೈ ೮ರಂದು ೪೧ಕ್ಕೆ ಇಳಿದಿತ್ತು. ಹಳೆಯ ಎತ್ತರವನ್ನು ಅದು ಮತ್ತೆ ಮುಟ್ಟಿದ್ದು ೧೯೫೪ರಲ್ಲಿ. ಫಿಷರನ ಸಂಪತ್ತೆಲ್ಲವೂ ಕರಗಿತು. ನಾದಿನಿಯಿಂದ ಪಡೆದ ಸಾಲವು ಜೀವಮಾನದಲ್ಲಿ ತೀರಲಿಲ್ಲ. ವಾಸದ ಮನೆಯನ್ನು ಯೇಲ್ ವಿಶ್ವವಿದ್ಯಾನಿಲಯವು ಕೊಂಡು ಆತನಿಗೇ ಬಾಡಿಗೆಗೆ ಕೊಟ್ಟಿತು. ಜನರು ಆತನ ಮಾತನ್ನು ನೆನೆದು ನಕ್ಕರು. ಆತನ ಗ್ರಂಥಗಳನ್ನು ಓದುವವರೂ ಕಡಮೆಯಾದರು.

ತಲೆಕೆಳಗಾಗುವ ಹಡಗು

ಆದರೆ ತನ್ನ ನಿರೀಕ್ಷೆಯು ಸುಳ್ಳಾದಾಗ ವಿಜ್ಞಾನಿಯಾದವನು ಮಾಡಬೇಕಾದುದನ್ನೇ ಅರವತ್ತಾರು ವರ್ಷದ ಫಿಷರನು ಮಾಡಿದನು. ಏನು ನಡೆಯಿತೆಂಬುದನ್ನು ಅಭ್ಯಾಸ ಮಾಡಿ, ೧೯೩೩ರಲ್ಲಿ 'ಇಕಾನೊಮೆಟ್ರಿಕ' ಪತ್ರಿಕೆಯಲ್ಲಿ 'ಮಹಾ ಮುಗ್ಗಟ್ಟುಗಳ ಸಾಲ-ಬೆಲೆಯಿಳಿತ ಸಿದ್ಧಾಂತ'ವೆಂಬ ಇಪ್ಪತ್ತೊಂದು ಪುಟಗಳ ಲೇಖನವನ್ನು ಬರೆದನು. ಆತನ ಬರಹಗಳಲ್ಲಿ ಇದೇ ಅತ್ಯಂತ ಆಳವಾದುದೆಂದು ಇಂದು ಹಲವರ ಅಭಿಪ್ರಾಯ.

ರೈತನೊಬ್ಬನಿಗೆ ಒಂದು ಲಕ್ಷ ರೂಪಾಯಿ ಸಾಲವಿದೆ. ಭತ್ತದ ಬೆಲೆ ಕ್ವಿಂಟಾಲಿಗೆ ೨,೦೦೦ ರೂಪಾಯಿ. ಎಂದರೆ ಆತನ ಸಾಲ ೫೦ ಕ್ವಿಂಟಾಲ್ ಭತ್ತ. ಸಾಲದ ಭಯದಿಂದ ಊರಿನವರೆಲ್ಲರೂ ಒಮ್ಮೆಗೇ ಭತ್ತವನ್ನು ಪೇಟೆಗೆ ಸುರಿದು, ಬೆಲೆ ೧,೦೦೦ಕ್ಕೆ ಇಳಿಯಿತೆನ್ನೋಣ. ನಮ್ಮ ರೈತನು ೨೦ ಕ್ವಿಂಟಾಲ್ ಮಾರಿ ೨೦,೦೦೦ ರೂಪಾಯಿ ತೀರಿಸಿದನು. ಉಳಿದುದು ೮೦,೦೦೦ ರೂಪಾಯಿ. ಅದು ಈಗ ೮೦ ಕ್ವಿಂಟಾಲ್ ಭತ್ತಕ್ಕೆ ಸಮ! ಇದ್ದದ್ದು ೫೦, ತೀರಿಸಿದ್ದು ೨೦, ಉಳಿದದ್ದು ೮೦. ಎಲ್ಲರೂ ಸಾಲ ತೀರಿಸಲು ಧಾವಿಸಿದಷ್ಟೂ ಎಲ್ಲರ ಸಾಲವೂ ಭಾರವಾಗುತ್ತದೆ. ಒಬ್ಬನಿಗೆ ವಿವೇಕವಾದುದು ಎಲ್ಲರೂ ಕೂಡಿ ಮಾಡಿದಾಗ ವಿನಾಶವಾಗುತ್ತದೆ.

ಅಮೆರಿಕದಲ್ಲಿ ಆದದ್ದೂ ಇದೇ. ಫಿಷರನ ಗಣನೆಯಂತೆ ೧೯೨೯ರಿಂದ ೧೯೩೩ರ ಮಾರ್ಚಿಯವರೆಗೆ ಡಾಲರುಗಳಲ್ಲಿ ಎಣಿಸಿದ ಸಾಲವು ಸುಮಾರು ಶೇಕಡ ೨೦ರಷ್ಟು ಇಳಿದಿತ್ತು; ಆದರೆ ಡಾಲರಿನ ಕೊಳ್ಳುವ ಶಕ್ತಿ ಸುಮಾರು ಶೇಕಡ ೭೫ರಷ್ಟು ಏರಿತ್ತು. ೦.೮೦ನ್ನು ೧.೭೫ರಿಂದ ಗುಣಿಸಿದರೆ ೧.೪೦. ನಿಜವಾದ ಸಾಲದ ಭಾರವು ಶೇಕಡ ೪೦ರಷ್ಟು ಹೆಚ್ಚಿತ್ತು. ಆ ವರ್ಷಗಳಲ್ಲಿ ಹಣದ ಮೊತ್ತವು ಸುಮಾರು ಮೂರನೆಯ ಒಂದು ಪಾಲು ಕುಗ್ಗಿತು; ವೇಗವೂ ಕುಗ್ಗಿತು; ವ್ಯವಹಾರವೂ ಕುಗ್ಗಿತು. ೧೯೧೧ರ ಸಮೀಕರಣವು ಸುಳ್ಳಾಗಲಿಲ್ಲ. ಅದರ ನಾಲ್ಕು ಪದಗಳೂ ಒಟ್ಟಿಗೆ ಕುಸಿದವು. ಸುಳ್ಳಾದದ್ದು ಅವುಗಳಲ್ಲಿ ಎರಡು ತಮ್ಮಷ್ಟಕ್ಕೆ ತಾವು ಸ್ಥಿರವಾಗಿ ನಿಲ್ಲುತ್ತವೆಂಬ ಭರವಸೆ.

ಈ ಲೇಖನದಲ್ಲಿ ಫಿಷರನು ಹಡಗಿನ ಉಪಮಾನವನ್ನು ಕೊಡುತ್ತಾನೆ. ಅಲೆಗೆ ಸಿಕ್ಕಿ ಸ್ವಲ್ಪ ವಾಲಿದ ಹಡಗು ತಾನಾಗಿಯೇ ನೆಟ್ಟಗಾಗುತ್ತದೆ. ಒಂದು ಮಿತಿಯ ಕೋನವನ್ನು ಮೀರಿ ವಾಲಿದರೆ, ನೆಟ್ಟಗಾಗಿಸುತ್ತಿದ್ದ ಬಲವೇ ಇಲ್ಲವಾಗಿ ಅದು ಮಗುಚಿಕೊಳ್ಳುತ್ತದೆ. ಸ್ಥಿರ ಸಮತೋಲ, ಅಸ್ಥಿರ ಸಮತೋಲಗಳೆಂದು ನಾವು ತರಗತಿಗಳಲ್ಲಿ ಕಲಿಯುವುದು ಇದನ್ನೇ. ೧೮೯೨ರಲ್ಲಿ ತಾನಾಗಿಯೇ ಮಟ್ಟಕ್ಕೆ ಬರುವ ನೀರನ್ನು ಕಂಡಿದ್ದವನು ನಾಲ್ವತ್ತು ವರ್ಷಗಳ ಬಳಿಕ, ಅದೇ ನೀರಿನ ಮೇಲೆ ಮಗುಚುವ ಹಡಗನ್ನೂ ಕಂಡನು. ಬೆಲೆಗಳ ಕುಸಿತವನ್ನು ತಡೆದು ಹಿಂದಿನ ಮಟ್ಟಕ್ಕೆ ತಂದರೆ ಮುಗ್ಗಟ್ಟನ್ನು ನಿಲ್ಲಿಸಬಹುದೆಂಬುದು ಆತನ ಸಲಹೆಯಾಗಿತ್ತು.

ಫಿಷರನು ೧೯೪೭ರ ಏಪ್ರಿಲ್ ೨೯ರಂದು ತೀರಿಕೊಂಡನು. ಬಳಿಕ ಮಿಲ್ಟನ್ ಫ್ರೀಡ್ಮನ್, ಜೇಮ್ಸ್ ಟೋಬಿನ್, ಹೈಮನ್ ಮಿನ್ಸ್ಕಿ ಮೊದಲಾದ, ಪರಸ್ಪರ ಭಿನ್ನಾಭಿಪ್ರಾಯವಿದ್ದ ವಿದ್ವಾಂಸರೂ ಆತನಿಗೆ ಋಣಿಗಳಾದರು. ೨೦೦೮ರ ಹಣಕಾಸಿನ ಬಿಕ್ಕಟ್ಟಿನಲ್ಲಿ ೧೯೩೩ರ ಲೇಖನವನ್ನು ಜನರು ಮತ್ತೆ ಹುಡುಕಿ ಓದಿದರು. ೧೯೩೦ರಲ್ಲಿ ಆತನೂ ಸೇರಿ ಸ್ಥಾಪಿಸಿದ ಇಕಾನೊಮೆಟ್ರಿಕ್ ಸೊಸೈಟಿಯು ಇಂದಿಗೂ ನಡೆಯುತ್ತಿದೆ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಮನುಷ್ಯರಲ್ಲಿ ಉತ್ತಮ ತಳಿ, ಅಧಮ ತಳಿಗಳೆಂದು ವಿಂಗಡಿಸುವ ಸುಸಂತಾನವಾದವನ್ನು ಫಿಷರನು ಉತ್ಸಾಹದಿಂದ ಪ್ರಚಾರ ಮಾಡಿದನು. ಆ ವಾದವು ವಿಜ್ಞಾನದ ವೇಷ ತೊಟ್ಟ ಅನ್ಯಾಯವಾಗಿತ್ತು. ಸೂಚ್ಯಂಕದ ಸೂತ್ರಗಳಿಗೆ ಅಷ್ಟು ಕಠಿನ ಪರೀಕ್ಷೆಗಳನ್ನೊಡ್ಡಿದವನು ಈ ನಂಬಿಕೆಗೆ ಒಂದು ಪರೀಕ್ಷೆಯನ್ನೂ ಒಡ್ಡಲಿಲ್ಲ.

ಓದುವ ಕ್ರಮ

ಫಿಷರನ ಮುಖ್ಯ ಕೃತಿಗಳು ೧೯೯೭ರಲ್ಲಿ ಹದಿನಾಲ್ಕು ಸಂಪುಟಗಳಾಗಿ ಪ್ರಕಟವಾಗಿವೆ. ವಿದ್ಯಾರ್ಥಿಗಳು ಅವೆಲ್ಲವನ್ನೂ ಓದಬೇಕಾಗಿಲ್ಲ. ಮೊದಲು 'ಹಣದ ಭ್ರಾಂತಿ'ಯನ್ನು ಓದಬಹುದು. ಅದಕ್ಕೆ ಗಣಿತದ ಹಂಗಿಲ್ಲ. ಬಳಿಕ 'ಹಣದ ಕೊಳ್ಳುವ ಶಕ್ತಿ'ಯ ಮೊದಲ ಅಧ್ಯಾಯಗಳು. ಅನಂತರ ೧೯೩೩ರ ಲೇಖನ. ಕಲನಶಾಸ್ತ್ರವನ್ನು ಕಲಿತವರು 'ಬಡ್ಡಿಯ ಸಿದ್ಧಾಂತ'ವನ್ನೂ ೧೮೯೨ರ ಪ್ರಬಂಧವನ್ನೂ ಎತ್ತಿಕೊಳ್ಳಬಹುದು.

ಓದುವುದರೊಡನೆ ಒಂದು ಪ್ರಯೋಗವನ್ನೂ ಮಾಡಿ ನೋಡಿರಿ. ಇದಕ್ಕೆ ಪ್ರಯೋಗಶಾಲೆ ಬೇಡ. ಒಂದು ನೋಟುಪುಸ್ತಕ ಸಾಕು. ಅಕ್ಕಿ, ಬೇಳೆ, ಎಣ್ಣೆ, ಹಾಲು, ಬಸ್ಸಿನ ದರ ಮುಂತಾಗಿ ನಿಮ್ಮ ಮನೆಯಲ್ಲಿ ತಪ್ಪದೆ ಬೇಕಾಗುವ ಹತ್ತು ಬಾಬುಗಳ ಬೆಲೆಯನ್ನೂ ಬಳಸಿದ ಪ್ರಮಾಣವನ್ನೂ ಪ್ರತಿ ತಿಂಗಳ ಮೊದಲನೆಯ ವಾರದಲ್ಲಿ ಬರೆದಿಡಿರಿ. ವರ್ಷದ ಕೊನೆಗೆ ಮೂರು ಸೂತ್ರಗಳಿಂದಲೂ ಸೂಚ್ಯಂಕವನ್ನು ಕಟ್ಟಿರಿ. ಮನೆಯವರ ಠೇವಣಿಗೆ ಬ್ಯಾಂಕು ಕೊಟ್ಟ ಬಡ್ಡಿಯನ್ನು ಅದರೊಡನೆ ಹೋಲಿಸಿರಿ. ವರ್ಷದಲ್ಲಿ ನಿಮ್ಮ ಮನೆಯ ಉಳಿತಾಯವು ನಿಜವಾಗಿ ಬೆಳ�ೆಯಿತೋ ಸವೆಯಿತೋ ಎಂಬುದು ನಿಮ್ಮ ಕೈಯ ಲೆಕ್ಕದಿಂದಲೇ ತಿಳಿಯುವುದು.